ಮಣಿದ ಅಮೃತಶಿಲೆ, ಸಿಡಿದ ಬಂಡೆ

ಕೈಯಲ್ಲಿರುವ ಸೀಮೆಸುಣ್ಣವನ್ನು ಬಗ್ಗಿಸಿ ನೋಡಿ. ಅದು ಬಾಗುವುದಿಲ್ಲ, ಪಟ್ಟೆಂದು ಮುರಿಯುತ್ತದೆ. ಗಾಜು, ಹೆಂಚು, ಕಲ್ಲು ಎಲ್ಲವೂ ಇದೇ ಜಾತಿ. ಇವು ಪೆಡಸು ವಸ್ತುಗಳು ಎಂದು ಪಟ್ಟಿ ಮಾಡಿಸುತ್ತೇವೆ. ನಾನೂ ಬಹಳ ವರ್ಷ ಮಾಡಿಸಿದ್ದೇನೆ. ಆದರೆ ಪೆಡಸುತನ ವಸ್ತುವಿನ ಗುಣ ಮಾತ್ರವೆ?

ಭೂವಿಜ್ಞಾನಿಗಳನ್ನು ಈ ಪ್ರಶ್ನೆ ಕಾಡಿತ್ತು. ಬೆಟ್ಟಸಾಲುಗಳಲ್ಲಿ ಕಲ್ಲಿನ ಪದರಗಳು ಕಂಬಳಿಯಂತೆ ಮಡಿಚಿಕೊಂಡಿವೆ, ಮುರಿದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಆಡಮ್ಸ್ ಮತ್ತು ನಿಕೊಲ್ಸನ್ ಅಮೃತಶಿಲೆಯ ತುಂಡುಗಳನ್ನು ದಪ್ಪ ಕಬ್ಬಿಣದ ಕೊಳವೆಯಲ್ಲಿ ಬಿಗಿಯಾಗಿ ಕೂರಿಸಿ ಮೇಲಿನಿಂದ ಅದುಮಿದರು. ಕೊಳವೆಯೊಡನೆ ಕಲ್ಲೂ ಉಬ್ಬಿತು, ಪುಡಿಯಾಗಲಿಲ್ಲ. 1901ರಲ್ಲಿ ಇದು ಪ್ರಕಟವಾಯಿತು. ಆದರೆ ಕೊಳವೆ ಕಲ್ಲನ್ನು ಎಷ್ಟು ಒತ್ತಡದಿಂದ ಹಿಡಿದಿತ್ತೆಂದು ನಿಖರವಾಗಿ ಹೇಳುವಂತಿರಲಿಲ್ಲ.

ಆ ಕೊರತೆ ನೀಗಿಸಿದವರು, ಮುಂದೆ ವಿಮಾನವಿಜ್ಞಾನದಲ್ಲಿ ಹೆಸರಾದ ಥಿಯೊಡೋರ್ ಫಾನ್ ಕಾರ್ಮಾನ್. ಜರ್ಮನಿಯ ಗೋಟಿಂಗೆನ್‌ನಲ್ಲಿ ಅವರು ಇಟಲಿಯ ಕರಾರಾ ಅಮೃತಶಿಲೆಯ ಸಿಲಿಂಡರುಗಳಿಗೆ ತೆಳು ಹಿತ್ತಾಳೆ ತಗಡು ಸುತ್ತಿ, ಗ್ಲಿಸರಿನ್ನಿನಲ್ಲಿಟ್ಟು ಸುತ್ತಲಿನಿಂದ ಒತ್ತಿದರು. ಬಳಿಕ ಮೇಲಿನಿಂದ ಅದುಮಿದರು. 1911ರ ಅವರ ಫಲಿತಾಂಶ ನೋಡಿ: ಸುತ್ತ ಬರೀ ಗಾಳಿಯಿದ್ದಾಗ ಕಲ್ಲು ನೂರಕ್ಕೆ 1 ಭಾಗ ಕುಗ್ಗುವ ಮೊದಲೇ ಒಡೆಯಿತು. ಸುತ್ತಲಿನ ಒತ್ತಡ 700 ವಾಯುಭಾರದಷ್ಟಾದಾಗ 5 ಭಾಗಕ್ಕಿಂತ ಹೆಚ್ಚು ಕುಗ್ಗಿಯೂ ಒಡೆಯಲಿಲ್ಲ. ಪೀಪಾಯಿಯಂತೆ ಹೊಟ್ಟೆ ಬಿಟ್ಟುಕೊಂಡಿತು. ಅದೇ ಕಲ್ಲು, ಅದೇ ಉಷ್ಣತೆ!

ಕಾರಣಕ್ಕೆ ಇಂಗ್ಲೆಂಡಿನ ಗ್ರಿಫಿತ್ ಬಳಿ ಹೋಗಬೇಕು. ಪೆಡಸು ವಸ್ತುವಿನಲ್ಲಿ ಅಡಗಿರುವ ಸೂಕ್ಷ್ಮ ಬಿರುಕುಗಳ ತುದಿಯಲ್ಲಿ ಬಲ ಗುಂಪುಗೂಡುತ್ತದೆ ಎಂಬುದನ್ನು ಆಧರಿಸಿ ಅವರು 1921ರಲ್ಲಿ ಒಡೆತವನ್ನು ವಿವರಿಸಿದರು. 1924ರಲ್ಲಿ ಅದನ್ನೇ ಅದುಮುವಿಕೆಗೂ ವಿಸ್ತರಿಸಿದರು. ಓರೆಯಾದ ಬಿರುಕನ್ನು ಮೇಲಿನಿಂದ ಅದುಮಿದರೆ ಅದರ ಮುಖಗಳು ಜಾರಿ ತುದಿ ಬಾಯ್ಬಿಡುತ್ತದೆ. ಸುತ್ತಲಿನ ಒತ್ತಡ ಬಿರುಕಿನ ಬಾಯಿ ಮುಚ್ಚಿಸುತ್ತದೆ, ಘರ್ಷಣೆ ಜಾರಲು ಬಿಡದು. ಆಗ ಕಲ್ಲಿಗುಳಿಯುವ ದಾರಿ, ಕ್ಯಾಲ್ಸೈಟ್ ಹರಳುಗಳೊಳಗೇ ಪದರಗಳು ಸರಿಯುವುದು. ಬೆಣಚುಕಲ್ಲು ಸಾಮಾನ್ಯ ಉಷ್ಣತೆಯಲ್ಲಿ ಇಷ್ಟು ಸುಲಭವಾಗಿ ಮಣಿಯದು. ಆದರೆ ಸುತ್ತ ಒತ್ತಿ ಹಿಡಿದರೆ ಅದರ ತಾಳಿಕೆಯೂ ಬಹಳ ಹೆಚ್ಚುತ್ತದೆ.

ಹಿಡಿತ ತಪ್ಪಿದರೆ ಏನಾಗುತ್ತದೆಂಬುದನ್ನು ಕೋಲಾರದ ಚಿನ್ನದ ಗಣಿಯವರು ಪ್ರಾಣ ತೆತ್ತು ಕಂಡಿದ್ದಾರೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಮೇಲಿನ ಬಂಡೆಯ ಭಾರವೇ 800 ವಾಯುಭಾರಕ್ಕಿಂತ ಹೆಚ್ಚು. ಅದಿರು ತೆಗೆದೊಡನೆ ಬಂಡೆಯ ಒಂದು ಮಗ್ಗುಲು ಬರಿದಾಗುತ್ತದೆ. ಮೇಲಿನ ಭಾರ ಮಾತ್ರ ಇಳಿಯುವುದಿಲ್ಲ, ಅಕ್ಕಪಕ್ಕಕ್ಕೆ ಹಂಚಿ ಇನ್ನೂ ಹೆಚ್ಚುತ್ತದೆ. ಅಂದರೆ ಕಾರ್ಮಾನ್ ಪ್ರಯೋಗದಲ್ಲಿ ಗ್ಲಿಸರಿನ್ ಹೊರಬಿಟ್ಟಂತೆ. ಬಂಡೆ ಗುಂಡು ಹಾರಿದಂತೆ ಸಿಡಿಯುತ್ತಿತ್ತು. ಗಣಿಯವರು ಇದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಸಿಡಿಯುತ್ತಿದ್ದುದು ಗಾಳಿಯಲ್ಲ, ಬಂಡೆ, ಹೆಸರು ಉಳಿದುಬಿಟ್ಟಿತು.

ತೆರವಾದ ಜಾಗದಲ್ಲಿ ಗ್ರಾನೈಟ್ ಕಲ್ಲುಗಳನ್ನು ಒತ್ತಾಗಿ ಜೋಡಿಸುತ್ತಿದ್ದರು, ಮುಂದೆ ಕಾಂಕ್ರೀಟ್ ತುಂಬಿದರು. ಕಳೆದುಹೋದ ಹಿಡಿತವನ್ನು ಸ್ವಲ್ಪವಾದರೂ ಮರಳಿ ಕೊಡುವ ಉಪಾಯವಿದು. ಗಣಿ 2001ರಲ್ಲಿ ಮುಚ್ಚಿತು. ಆಮೇಲೆ ಸುರಂಗಗಳಲ್ಲಿ ನೀರು ತುಂಬುತ್ತಿದ್ದಾಗಲೂ ಅಲ್ಲಿ ಕಂಪನಗಳು ದಾಖಲಾಗಿವೆ.