ನರದ ಹಾದಿ ಹಿಡಿದ ವೈರಸ್

ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡು ದಾಟಿ ಊಟಿಗೆ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೆ. ಚಾಮರಾಜನಗರಕ್ಕೂ ಇಲ್ಲಿಂದಲೇ ಒಂದು ದಾರಿ ಉಂಟು. ಊರಿಗೆ ಮೊದಲೇ ರಸ್ತೆ ಬದಿಯಲ್ಲಿ ನಿಂತವರಿಗೆ ವಾಹನಗಳ ಸಾಲು ಕಾಣುತ್ತದೆಯೇ ಹೊರತು, ಯಾವುದು ಯಾವ ಊರಿಗೆ ಎಂಬುದು ಕಾಣುವುದಿಲ್ಲ. ಮಿದುಳು ಕಾಂಡದಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳ ಮುಂದೆ ಅಂಗರಚನಾ ಶಾಸ್ತ್ರಜ್ಞರ ಪಾಡೂ ಬಹುಕಾಲ ಇದೇ ಆಗಿತ್ತು.

ಮಿದುಳಿನ ಅಡಿಯಲ್ಲಿ, ಹೆಚ್ಚುಕಡಿಮೆ ಹೆಬ್ಬೆರಳಿನ ಗಾತ್ರದಲ್ಲಿರುವುದು ಮಿದುಳು ಕಾಂಡ. ಅದರ ಕೆಳತುದಿಯೇ ಬೆನ್ನುಹುರಿಯಾಗಿ ಮುಂದುವರಿಯುತ್ತದೆ. ಉಸಿರಾಟ, ನುಂಗುವಿಕೆ, ದೇಹದ ಸಮತೋಲ ಇದರ ವಶದಲ್ಲಿವೆ. ಬಸ್ಸು ಥಟ್ಟನೆ ನಿಂತಾಗ ನಾವು ಯೋಚಿಸುವ ಮೊದಲೇ ಕಾಲು ಬಿಗಿಯಾಗುತ್ತದಲ್ಲವೆ? ಆ ಆಜ್ಞೆ ಇಳಿಯುವುದು ಇಲ್ಲಿಂದ. ಕಿರುತೆರೆಯಲ್ಲಿ ಈ ಹಾದಿಗಳನ್ನು ನಾವು ಕೆಂಪು, ನೀಲಿ ಗೆರೆಗಳಲ್ಲಿ ತೋರಿಸುತ್ತೇವೆ. ಆ ಬಣ್ಣ ನಮ್ಮದು. ಕತ್ತರಿಸಿ ನೋಡಿದರೆ ಎಲ್ಲವೂ ಒಂದೇ ಬಿಳಿ-ಬೂದು.

ಮೊದಲ ಸುಳಿವು ಸಿಕ್ಕಿದ್ದು ಸಾವಿನಿಂದ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ, ಮೂಲಕೋಶದಿಂದ ಬೇರ್ಪಟ್ಟ ತುಂಡು ಕೊಳೆಯುವುದನ್ನು ಕಂಡ. ಮರುವರ್ಷ ವಿಯೆನ್ನಾದ ಲುಡ್ವಿಗ್ ಟರ್ಕ್, ಮಿದುಳಿಗೆ ಪೆಟ್ಟಾಗಿ ಸತ್ತವರ ಬೆನ್ನುಹುರಿಯಲ್ಲಿ ಹಾಳಾದ ತಂತುಗಳ ಪಟ್ಟಿಗಳನ್ನು ಗುರುತಿಸಿದ. ಅಂದರೆ, ಮೇಲೆ ಗಾಯವಾದರೆ ಕೆಳಗೆ ಯಾವ ತಂತು ಒಣಗುತ್ತದೆ ಎಂದು ನೋಡಿ ಹಾದಿಯನ್ನು ಊಹಿಸುವುದು. ಮುಂದಿನ ನೂರು ವರ್ಷದ ವಿಧಾನಗಳಲ್ಲಿ ಹೆಚ್ಚಿನವು ಈ ಉಪಾಯದ ಮೇಲೆಯೇ ನಿಂತವು.

1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಪ್ರಕಟಿಸಿದ ಮಂಗಗಳ ಪ್ರಯೋಗ ಈ ಸಾಲಿನಲ್ಲಿ ದೊಡ್ಡದು. ಮೇಲ್ಮಿದುಳಿನಿಂದ ನೇರ ಇಳಿಯುವ ತಂತುಗಳನ್ನು ಕತ್ತರಿಸಿದ ಮೇಲೂ ಮಂಗಗಳು ಓಡಿದವು, ಹತ್ತಿದವು. ಬೆರಳುಗಳನ್ನು ಮಾತ್ರ ಒಂದೊಂದಾಗಿ ಆಡಿಸಲಾರದೆ ಹೋದವು. ನಡಿಗೆಗೆ ಮಿದುಳು ಕಾಂಡದ ಹಾದಿಗಳೇ ಸಾಕಾಗಿದ್ದವು! ಅವುಗಳಲ್ಲಿ ಒಳಬದಿಯವನ್ನೂ ಕಡಿದಾಗ ತಲೆ, ಮುಂಡ ಕುಸಿದವು, ಆದರೆ ಕೈ ಆಹಾರ ಹಿಡಿಯಬಲ್ಲದಾಗಿತ್ತು. ಹೊರಬದಿಯವನ್ನು ಕಡಿದ ಪ್ರಾಣಿಗಳು ನಡೆದವು, ಕೈ ಮಾತ್ರ ಭುಜದಿಂದ ಜೋತುಬಿದ್ದಿತು. ಮೂಕಪ್ರಾಣಿಗಳ ಈ ಸಂಕಟವನ್ನು ಓದುವುದು ಸುಲಭವಲ್ಲ. ಪಾರ್ಶ್ವವಾಯು ರೋಗಿಯ ಬೆರಳಿಗಿಂತ ಮೊದಲು ನಡಿಗೆ ಮರಳುವುದೇಕೆ ಎಂಬುದಕ್ಕೆ ಒಂದು ವಿವರಣೆ ಸಿಕ್ಕಿದ್ದು ಮಾತ್ರ ಇಲ್ಲಿಯೇ.

1970ರ ದಶಕದಲ್ಲಿ ತಿರುವು ಬಂತು. ತಂತುವಿನ ತುದಿಯಲ್ಲಿ ಇಟ್ಟ ಕಿಣ್ವವೊಂದನ್ನು ನರವೇ ಹೀರಿ ಮೂಲಕೋಶಕ್ಕೆ ಒಯ್ಯುತ್ತದೆಂದು ತಿಳಿಯಿತು. ಬಸ್ ನಿಲ್ದಾಣದಲ್ಲಿ ಇಳಿದವರ ಟಿಕೆಟ್ ನೋಡಿ ಹತ್ತಿದ ಊರು ಪತ್ತೆ ಮಾಡಿದ ಹಾಗೆ. ಆದರೆ ಕಿಣ್ವ ಒಂದು ಕೋಶಕ್ಕೆ ನಿಂತುಬಿಡುತ್ತಿತ್ತು. ಆ ಕೋಶಕ್ಕೆ ಆಜ್ಞೆ ಕೊಟ್ಟವರು ಯಾರು?

ಉತ್ತರ ಕೊಡಬಲ್ಲದ್ದು ನಮ್ಮ ಹಳ್ಳಿಗಳಿಗೆ ಬಹಳ ಹಿಂದಿನಿಂದ ಗೊತ್ತಿದ್ದ ಶತ್ರು: ಹುಚ್ಚುನಾಯಿಯ ಜೊಲ್ಲಿನಲ್ಲಿರುವ ರೇಬೀಸ್ ವೈರಸ್. ಅದು ಕಡಿತದ ಜಾಗದ ನರತುದಿಯನ್ನು ಹೊಕ್ಕು, ಬೆನ್ನುಹುರಿಯ ಕೋಶ ಸೇರಿ, ಅಲ್ಲಿಂದ ಆ ಕೋಶಕ್ಕೆ ಆಜ್ಞೆ ಕೊಡುವ ಮಿದುಳು ಕಾಂಡದ ಕೋಶಗಳಿಗೆ ದಾಟುತ್ತದೆ. 1880ರ ದಶಕದ ಕೊನೆಯಲ್ಲೇ ಇಟಲಿಯ ಡಿ ವೆಸ್ಟೆಯಾ ಮತ್ತು ಜಗಾರಿ ಇದರ ಜಾಡು ಹಿಡಿದಿದ್ದರು. ಮೊಲದ ಕಾಲಿನ ನರಕ್ಕೆ ವಿಷ ಸೇರಿಸಿದರೆ ಪಾರ್ಶ್ವವಾಯು ಆ ಕಾಲಿನಿಂದಲೇ ಮೇಲೇರುತ್ತಿತ್ತು. ರೋಗಿ ನೀರು ಕಂಡರೆ ನಡುಗುವುದು ವೈರಸ್ ಕಾಂಡದ ಉಸಿರು-ನುಂಗುವಿಕೆಯ ಕೋಶಗಳನ್ನು ಕೆಡಿಸಿದಾಗ.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಊಟಿಯನ್ನೂ ದಾಟಿ ಮುಂದೆ ಹೋದರೆ ಕೂನೂರು. 1907ರಲ್ಲಿ ಅಲ್ಲಿ ಆರಂಭವಾದ ಪಾಸ್ಟರ್ ಸಂಸ್ಥೆ ದಕ್ಷಿಣ ಭಾರತಕ್ಕೆಲ್ಲ ರೇಬೀಸ್ ಲಸಿಕೆ ಒದಗಿಸಿತು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯೇ ದೇಶದಲ್ಲಿ ದಶಕಗಳ ಕಾಲ ನಡೆದದ್ದು. ರೇಬೀಸ್ ಹತ್ತಿಸಿದ ಕುರಿಯ ಮಿದುಳನ್ನು ಅರೆದು, ಫೀನಾಲ್‌ನಿಂದ ವೈರಸ್ ಕೊಂದು ಮಾಡಿದ ಮದ್ದು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂದರೆ ಹಿರಿಯರು ಈಗಲೂ ಮುಖ ಕಿವುಚುತ್ತಾರೆ. ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ ಲಸಿಕೆಯಲ್ಲಿ ಮಿದುಳಿನ ಅಂಶವಿದ್ದುದರಿಂದ ಕೆಲವರ ದೇಹ ತನ್ನದೇ ನರಗಳ ಹೊದಿಕೆಯ ಮೇಲೆ ತಿರುಗಿಬಿದ್ದು ಕೈಕಾಲು ಬಿದ್ದುಹೋದದ್ದೂ ನಿಜ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳನ್ನು ಕುರಿತು 1980ರ ದಶಕದಲ್ಲಿ ಬರೆದಿದ್ದಾರೆ. ಭಾರತದಲ್ಲಿ ಈ ಲಸಿಕೆಯ ತಯಾರಿಕೆ ನಿಂತದ್ದು 2004ರ ಕೊನೆಗೆ. ಇಷ್ಟು ತಡವಾಗಬೇಕಿರಲಿಲ್ಲ.

ಇತ್ತ ಪ್ರಯೋಗಾಲಯದಲ್ಲಿ ಅದೇ ವೈರಸ್ ಬೇರೆ ಕೆಲಸಕ್ಕೆ ಒದಗಿತು. 1995ರಲ್ಲಿ ಗೇಬ್ರಿಯೆಲಾ ಉಗೊಲಿನಿ, ಅದು ಇಲಿಯ ನಾಲಿಗೆಯ ನರದಿಂದ ಹೊರಟು ಒಂದಕ್ಕೊಂದು ಜೋಡಿಸಿಕೊಂಡ ಕೋಶಗಳಿಗೆ ಮಾತ್ರ, ಅದೂ ಹಿಮ್ಮುಖವಾಗಿ, ಹಂತ ಹಂತವಾಗಿ ದಾಟುತ್ತದೆಂದು ತೋರಿಸಿದರು. 2007ರಲ್ಲಿ ವೈರಸ್ಸಿನ ಒಂದು ಜೀನ್ ತೆಗೆದು, ಅದು ಒಂದೇ ಹೆಜ್ಜೆ ದಾಟಿ ನಿಲ್ಲುವಂತೆ ಮಾಡಲಾಯಿತು. ಜೀವಂತ ಮನುಷ್ಯರಲ್ಲಿ ಎಂ.ಆರ್.ಐ. ಯಂತ್ರ ಕೂಡ ನರತಂತುಗಳ ಕಟ್ಟುಗಳನ್ನು ತೋರಿಸುತ್ತದೆ. ಸಂದೇಶ ಹೋಗುವುದು ಮೇಲಕ್ಕೋ ಕೆಳಕ್ಕೋ ಎಂದು ಹೇಳಲಾರದು. ವೈರಸ್ ಹೇಳುತ್ತದೆ.

ನಾಯಿ ಕಚ್ಚಿದವರನ್ನು ವೈದ್ಯರು ಮೊದಲು ಕೇಳುವುದು ‘ಎಲ್ಲಿ ಕಚ್ಚಿತು?’ ಎಂದು. ಪಾದದಿಂದ ಮಿದುಳಿಗೆ ದಾರಿ ಉದ್ದ, ಮುಖದಿಂದ ಗಿಡ್ಡ. ಸಾಮಾನ್ಯವಾಗಿ ಎರಡು-ಮೂರು ತಿಂಗಳ ಅವಧಿ ಸಿಗುತ್ತದೆ, ಕೆಲವೊಮ್ಮೆ ಒಂದೇ ವಾರ. ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯುವುದೂ, ಆಳದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುವುದೂ ವೈರಸ್ ಇನ್ನೂ ನರತುದಿಯ ಹೊರಗೆ ಇರುವಾಗಲೇ ಅದನ್ನು ಹಿಡಿಯಲು. ಅದು ಮಿದುಳು ಮುಟ್ಟಿ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.