ಕರುಳಿನ ಆಪರೇಷನ್ನಿಗೆ ಮುಂಚಿನ ಎರಡು ವಾರ

ಮಲಬದ್ಧತೆಯೆಂದರೆ ನಾರಿನ ಕೊರತೆ, ಸೊಪ್ಪು ಹೊಟ್ಟು ಹೆಚ್ಚಿಸಿದರೆ ಸಾಕು ಎಂಬ ಸಲಹೆ ಈಗ ಎಲ್ಲೆಡೆ ಸಿಗುತ್ತದೆ. ಆದರೆ ದೊಡ್ಡ ಕರುಳಿನ ಚಲನೆಯೇ ಕುಂದಿದವರಲ್ಲಿ ಹೆಚ್ಚು ನಾರು ಹೊಟ್ಟೆಯುಬ್ಬರವನ್ನು ಹೆಚ್ಚಿಸುತ್ತದೆ. ನೋವಿಗೆ ಹೆದರಿ ಅವರು ಊಟವನ್ನೇ ಇಳಿಸುತ್ತಾರೆ. ಔಷಧಗಳೆಲ್ಲ ಸೋತು ಶಸ್ತ್ರಚಿಕಿತ್ಸೆಗೆ ಬರುವ ಹೊತ್ತಿಗೆ ಮಾಂಸಖಂಡ ಕರಗಿರುತ್ತದೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಆರ್ಬತ್‌ನಾಟ್ ಲೇನ್ ಮಲಬದ್ಧತೆಗೆಂದು ದೊಡ್ಡ ಕರುಳನ್ನು ತೆಗೆಯುತ್ತಿದ್ದರು. ಆದರೆ ರೋಗಿ ಏನು ತಿಂದು ಬಂದಿದ್ದಾನೆ ಎಂಬ ಪ್ರಶ್ನೆಗೆ ತೂಕ ಬಂದದ್ದು 1936ರಲ್ಲಿ. ಜಠರದ ಹುಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ಶೇ. 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡವರಲ್ಲಿ ಶೇ. 33 ಮಂದಿ ತೀರಿಕೊಂಡರು, ಉಳಿದವರಲ್ಲಿ ಶೇ. 3.5 ಮಾತ್ರ ಎಂದು ಹೈರಮ್ ಸ್ಟಡ್ಲಿ ತೋರಿಸಿಕೊಟ್ಟರು. 1968ರಲ್ಲಿ ಸ್ಟ್ಯಾನ್ಲಿ ಡಡ್ರಿಕ್ ರಕ್ತನಾಳದ ಮೂಲಕವೇ ಪೂರ್ಣ ಆಹಾರ ಕೊಡುವ ದಾರಿ ತೆರೆದರು.

ನಮ್ಮ ತಲೆಮಾರು ಕಲಿತದ್ದು ರಕ್ತನಾಳದ ಪೋಷಣೆಯ ಉತ್ಸಾಹಕ್ಕೆ ಕಡಿವಾಣ ಬಿದ್ದ ಕಾಲದಲ್ಲಿ. 1991ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನದಲ್ಲಿ ರಕ್ತನಾಳದ ಪೋಷಣೆಯಿಂದ ಲಾಭವಾದದ್ದು ತೀರಾ ಸೊರಗಿದವರಿಗೆ ಮಾತ್ರ. ಅಲ್ಪಸ್ವಲ್ಪ ಸೊರಗಿದವರಿಗೆ ಸೋಂಕು ಹೆಚ್ಚಿತು. ಕರುಳು ಕೆಲಸ ಮಾಡುತ್ತಿದ್ದರೆ ಕರುಳಿಗೇ ಉಣಿಸಬೇಕು, ಬಾಯಿಂದಾಗದಿದ್ದರೆ ಟ್ಯೂಬಿನಿಂದ ಎಂಬ ಪಾಠ ಗಟ್ಟಿಯಾದದ್ದು ಆಗಲೇ. ನಾನು ಇಂದಿಗೂ ಆ ಪಕ್ಷದವನು. ಚೀನಾದ ನಾನ್‌ಜಿಂಗ್‌ನ ಆಸ್ಪತ್ರೆಯೊಂದರಲ್ಲಿ ಲಿ ಜಿಯೆಶೌ ಕಟ್ಟಿದ ವಿಭಾಗ ಕರುಳಿಗೆ ಉಣಿಸುವ ಈ ವಿದ್ಯೆಯಲ್ಲಿ ಬೇರೂರಿತ್ತು; ಹಠಮಾರಿ ಮಲಬದ್ಧತೆಗೆ 'ಜಿನ್‌ಲಿಂಗ್' ಶಸ್ತ್ರಕ್ರಿಯೆ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ.

ಆದರೆ ಉಣಿಸುವುದಕ್ಕೂ ಸಮಯ ಬೇಕು. ಬಹುಕಾಲ ಉಪವಾಸವಿದ್ದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದು. ಅದಕ್ಕೇ ಮೊದಲು ಥಯಾಮಿನ್, ಆಮೇಲೆ ಕಿಲೋ ತೂಕಕ್ಕೆ ದಿನಕ್ಕೆ 10 ಕ್ಯಾಲೊರಿಯಿಂದ ಆರಂಭ. ಇದನ್ನು ಆಪರೇಷನ್ನಿನ ಹಿಂದಿನ ಸಂಜೆ ಮಾಡಲಾಗದು. ಆರು ತಿಂಗಳಲ್ಲಿ ಶೇ. 10ರಿಂದ 15ಕ್ಕಿಂತ ಹೆಚ್ಚು ತೂಕ ಇಳಿದಿದ್ದರೆ ಶಸ್ತ್ರಚಿಕಿತ್ಸೆಯನ್ನು 7ರಿಂದ 14 ದಿನ ಮುಂದೂಡಿ ಪೋಷಿಸಿ ಎಂದು ಯುರೋಪಿನ 2017ರ ಮಾರ್ಗಸೂಚಿ ಹೇಳುತ್ತದೆ.

ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ತೋರಿಸಿದ ಶೀಘ್ರ ಚೇತರಿಕೆಯ ಕ್ರಮವನ್ನು ಇಂದು ಹಲವರು 'ಬೇಗ ಡಿಸ್ಚಾರ್ಜ್' ಎಂದಷ್ಟೇ ಓದಿಕೊಂಡಿದ್ದಾರೆ. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ತಿಳಿಯಾದ ಪಾನೀಯ, ಮರುದಿನವೇ ಊಟ, ಆಪರೇಷನ್ನಿಗೆ ಮೊದಲಿನ ಸಿದ್ಧತೆ ಎಲ್ಲವೂ ಅದರ ಅಂಗಗಳೇ. ಹಾಸಿಗೆ ಬೇಗ ಖಾಲಿಯಾಗಬೇಕೆಂಬ ಅವಸರದಲ್ಲಿ ಮೊದಲು ಕೈಬಿಡುವುದು ಆ ಸಿದ್ಧತೆಯನ್ನು.

ಪೋಷಣೆಯ ಮಾರ್ಗಸೂಚಿಗಳ ಹಿಂದಿರುವ ಪುರಾವೆ ಬಹುಪಾಲು ಕ್ಯಾನ್ಸರ್ ರೋಗಿಗಳದು. ಕ್ಯಾನ್ಸರಿಗೆ ಕಾಯಲು ಹೆಚ್ಚು ಹೊತ್ತಿಲ್ಲ. ಮಲಬದ್ಧತೆಯ ಆಪರೇಷನ್ನಿಗೆ ಎರಡು ವಾರ ಕಾದರೆ ಸಾಮಾನ್ಯವಾಗಿ ನಷ್ಟವಿಲ್ಲ. ಪೋಷಣೆಗೆ ಇಷ್ಟು ಬಿಡುವಿರುವ ರೋಗಿಗಳನ್ನೇ ಅಧ್ಯಯನಗಳು ಬಹುಮಟ್ಟಿಗೆ ಕಡೆಗಣಿಸಿವೆ. ಆಪರೇಷನ್ನಿನ ನಂತರವೂ ಪೋಷಣೆಯ ಚಿಂತೆ ಮುಗಿಯುವುದಿಲ್ಲ. ದೊಡ್ಡ ಕರುಳು ತೆಗೆದ ಮೇಲೆ ಭೇದಿಯಾಗಿ ನೀರು, ಉಪ್ಪು ಹೋಗುತ್ತವೆ. ಸಣ್ಣ ಕರುಳಿನ ಕೊನೆಯ ಭಾಗವೂ ಹೋಗಿದ್ದರೆ ಬಿ12 ಹೀರಿಕೆ ಕುಗ್ಗುತ್ತದೆ. ಭೇದಿಗೆ ಹೆದರಿ ರೋಗಿ ಮತ್ತೆ ಊಟ ಬಿಡತೊಡಗುವುದು ಮನೆಯಲ್ಲಿ, ಹೊಲಿಗೆ ಬಿಚ್ಚಿದ ಎಷ್ಟೋ ದಿನಗಳ ನಂತರ. ಅಷ್ಟರಲ್ಲಿ ಡಯಟಿಷಿಯನ್ ಭೇಟಿಗಳು ಮುಗಿದಿರುತ್ತವೆ.