ಲಕ್ಷದ್ವೀಪದ ಚಪ್ಪಟೆ ಹುಳು: ಕೈಗೆ ಸಿಕ್ಕರೂ ದಾಖಲೆಗೆ ಸಿಗದ ಜೀವಿ

ಇನ್ಫೋಪಾರ್ಕ್, ಟೆಕ್ನೋಪಾರ್ಕ್‌ಗಳಲ್ಲಿ ಕೆಲಸ ಮಾಡೋ ನಮ್ಮವರಲ್ಲಿ ಕೆಲವರು ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪ ನೋಡಿ ಬಂದಿರ್ತೀರಿ. ಅಲ್ಲಿ ಹವಳದ ಮೇಲೆ ಬಣ್ಣದ ರಿಬ್ಬನ್ ತುಂಡಿನ ಹಾಗೆ ಅಲೆಯಾಡುತ್ತಾ ಹೋಗೋ ಜೀವಿಯೊಂದು ಕಣ್ಣಿಗೆ ಬಿತ್ತಾ? ಅದು ಸಮುದ್ರದ ಚಪ್ಪಟೆ ಹುಳು. ಇವತ್ತು ನಾನು ಹೇಳೋದು ಅದರ ಚರಿತ್ರೆ.

ಮೊದಲು ದ್ವೀಪಗಳ ವಿಷಯ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರ್ತಿತ್ತು, ಇಲ್ಲಿಂದ ಅಕ್ಕಿ ಹೋಗ್ತಿತ್ತು. ಸರ್ಕಾರ ಹುರಿಯ ಲೆಕ್ಕ ಇಟ್ಟಿತ್ತು. ಹುಳುವಿನ ಲೆಕ್ಕ ಯಾರಿಗೆ ಬೇಕು?

ಬೇಕಾಗಿದ್ದು ಕೇಂಬ್ರಿಡ್ಜ್‌ನ ಸ್ಟ್ಯಾನ್ಲಿ ಗಾರ್ಡಿನರ್‌ಗೆ. 1899ರಲ್ಲಿ ಅವರು ಮಿನಿಕಾಯ್‌ಗೆ ಬಂದು, ಮುಂದೆ ಮಾಲ್ಡೀವ್ಸ್‌ಗೂ ಹೋಗಿ ಜೀವಿಗಳನ್ನು ಸಂಗ್ರಹಿಸಿದರು. ಆ ಸಂಗ್ರಹದ ಚಪ್ಪಟೆ ಹುಳುಗಳ ಬಗ್ಗೆ ಎಫ್. ಎಫ್. ಲೇಡ್ಲಾ 1902ರಲ್ಲಿ ಬರೆದರು. ನಮ್ಮ ದೇಶದ ಏರೋಪ್ಲೇನ್ ಚಿಟ್ಟೆಗಳ ಬಗ್ಗೆಯೂ ಬರೆದವರು ಇವರೇ.

ಆಮೇಲೆ? ದೀಪಕ್ ಆಪ್ಟೆ ಮತ್ತು ವಿಶಾಲ್ ಪಿಟಳೆ ಲಕ್ಷದ್ವೀಪದ ಚಪ್ಪಟೆ ಹುಳುಗಳ ಹೊಸ ದಾಖಲೆಗಳನ್ನು ಪ್ರಕಟಿಸಿದ್ದು 2011ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷ!

ಇದು ಬರೀ ಉದಾಸೀನ ಅಲ್ಲ ನೋಡಿ. ಈ ಹುಳುವಿಗೆ ಮೂಳೆ ಇಲ್ಲ, ಚಿಪ್ಪಿಲ್ಲ, ಕಿವಿರೂ ಇಲ್ಲ. ಚರ್ಮದಲ್ಲೇ ಉಸಿರಾಟ. ಮುಟ್ಟಿದರೆ ಹರಿಯುತ್ತೆ. ಮಾಮೂಲಿ ದ್ರಾವಣಕ್ಕೆ ಹಾಕಿದರೆ ಮುದುಡಿ, ಬಣ್ಣ ಹೋಗಿ ಗುರುತೇ ಸಿಗಲ್ಲ. ಆದರೆ ಎಷ್ಟೋ ಜಾತಿಗಳನ್ನು ಮೊದಲು ಗುರುತಿಸೋದೇ ಬಣ್ಣದಿಂದ. ಹುಳುವನ್ನು ಕಾಗದದ ಮೇಲೆ ಹರಡಿ, ಹೆಪ್ಪುಗಟ್ಟಿಸಿದ ಫಾರ್ಮಲಿನ್ ಮೇಲೆ ಇಡುವ ವಿಧಾನವನ್ನು ಆಸ್ಟ್ರೇಲಿಯಾದ ನ್ಯೂಮನ್ ಮತ್ತು ಕ್ಯಾನನ್ ವಿವರಿಸಿದ್ದು 1995ರಲ್ಲಿ. ಅದರಿಂದ ಆಕಾರ, ಬಣ್ಣ ಎರಡೂ ಉಳೀತವೆ.

ಮೂರೇ ವರ್ಷಕ್ಕೆ, 1998ರಲ್ಲಿ, ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳ ಬಿಳಿಚಿ ಸತ್ತಿತು. 2010, 2016ರಲ್ಲಿ ಮತ್ತೆ ಅದೇ ಪೆಟ್ಟು. ಹುಳು ಹಿಡಿದಿಡುವ ದಾರಿ ತಿಳಿಯೋ ಹೊತ್ತಿಗೆ ಅದರ ಮನೆಗೇ ಕುತ್ತು ಬಂತು. ಹೆಸರಿಡೋ ಮೊದಲೇ ಒಂದು ಜಾತಿ ಹೋದರೆ, ಹೋಗಿದ್ದೂ ನಮಗೆ ಗೊತ್ತಾಗಲ್ಲ. ನನ್ನನ್ನು ಕಾಡೋದು ಇದೇ.

ಮುಂದಿನ ಸಲ ಹೋದಾಗ ಅದನ್ನು ಮುಟ್ಟಬೇಡಿ. ಫೋಟೋ ತೆಗೆದು ದಿನಾಂಕ, ದ್ವೀಪದ ಹೆಸರು, ಆಳ ಬರೆದಿಡಿ. ತಿರುವನಂತಪುರದಲ್ಲಿರೋರಿಗೆ ಟೆಕ್ನೋಪಾರ್ಕ್ ಪಕ್ಕದ ಕಾರ್ಯವಟ್ಟಂನಲ್ಲೇ ಕೇರಳ ವಿಶ್ವವಿದ್ಯಾಲಯದ ಜಲಜೀವಿ ವಿಭಾಗ ಇದೆ. ಕೊಚ್ಚಿಯವರಿಗೆ ಸಿಎಂಎಫ್‌ಆರ್‌ಐ ಇದೆ. ತೋರಿಸಿ, ಕೇಳಿ. ಹುರಿಯ ಲೆಕ್ಕ ಬರೆದಿಟ್ಟ ಕರಾವಳಿಯವರು ನಾವು, ಹುಳುವಿನ ಲೆಕ್ಕವನ್ನೂ ಬರೆಯೋಣ.